ರೇಡಿಯೋ ಪ್ರೇಷಣೆಗೆ ಮಿತಿ ಏಕೆ?

ಒಂದೇ ತರಂಗಾಂತರದಲ್ಲಿ ಹಲವು ನಿಲಯಗಳು ಏಕಕಾಲಕ್ಕೆ ಸಂಕೇತಗಳನ್ನು ಕಳುಹಿಸಿದರೆ, ಪ್ರಬಲವಾದುದು ದುರ್ಬಲವಾದುದನ್ನು ನುಂಗಿಬಿಡುತ್ತದೆ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿ ಸುಮಾರು 1,500 ಜನರು ಮಡಿದರು. ಆ ದುರಂತದ ವಾರ್ತೆಗಳೂ ನಿಲಯಗಳ ಗದ್ದಲದಲ್ಲಿ ಕಲಸಿಹೋದವು.

ಅದೇ ವರ್ಷದ ಆಗಸ್ಟ್ 13ರಂದು ಅಮೆರಿಕದಲ್ಲಿ ರೇಡಿಯೋ ಕಾಯಿದೆ ರೂಪುಗೊಂಡಿತು. ಅದರಂತೆ ಹವ್ಯಾಸಿಗಳು 200 ಮೀಟರಿಗೆ ಮೀರಿದ ತರಂಗಾಂತರವನ್ನಾಗಲಿ, 1 ಕಿಲೋವಾಟಿಗೆ ಮೀರಿದ ಶಕ್ತಿಯನ್ನಾಗಲಿ ಬಳಸುವಂತಿರಲಿಲ್ಲ. ನೌಕಾಪಡೆಯ ಅಥವಾ ಸೇನೆಯ ನಿಲಯದಿಂದ 5 ನಾಟಿಕಲ್ ಮೈಲಿಯೊಳಗೆ ಅರ್ಧ ಕಿಲೋವಾಟ್ ಮಾತ್ರ. ಪ್ರತಿಯೊಂದು ನಿಲಯವೂ ತನ್ನ ಕಾರ್ಯಕ್ಕೆ ಅವಶ್ಯವಾದ ಕನಿಷ್ಠ ಶಕ್ತಿಯನ್ನೇ ಬಳಸಬೇಕಾಗಿತ್ತು.

ಅಪಾಯಕ್ಕೊಳಗಾದ ಹಡಗಿಗೆ ಮಾತ್ರ ಈ ಕಟ್ಟು ಇರಲಿಲ್ಲ. ಇತರರಿಗೆ ಎಷ್ಟೇ ಅಡಚಣೆಯಾದರೂ ಅದು ಗರಿಷ್ಠ ಶಕ್ತಿಯಿಂದ ಮೊರೆಯಿಡಬಹುದಾಗಿತ್ತು. ಉಳಿದವರು ಮಿತಿಯಲ್ಲಿದ್ದರೆ ಆರ್ತನ ದನಿಗೆ ದಾರಿ ದೊರೆಯುವುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.