ಮನೆಯ ಟೊಮ್ಯಾಟೊ, ಪೇಟೆಯ ಟೊಮ್ಯಾಟೊ: ರುಚಿಯ ಅಂತರಕ್ಕೆ ಕಾರಣವೇನು?

ಚೆನ್ನೈ ಮಹಾನಗರದ ಉತ್ತರದ ಅಂಚಿನಲ್ಲಿ, ಒಂದು ಪಕ್ಕಕ್ಕೆ ಬಂಗಾಳ ಕೊಲ್ಲಿ, ಇನ್ನೊಂದು ಪಕ್ಕಕ್ಕೆ ಕೊಸಸ್ಥಲೈಯಾರ್ ನದಿಯ ಅಳಿವೆ, ಇವುಗಳ ನಡುವೆ ಎಣ್ಣೂರು ಇದೆ. ಚೆನ್ನೈಯ ಇತರ ಕಡೆಗಳಂತೆ ಅಲ್ಲಿಯ ತರಕಾರಿ ವ್ಯಾಪಾರದಲ್ಲಿಯೂ ಟೊಮ್ಯಾಟೊ ಹಣ್ಣಿಗೆ ಎರಡು ಹೆಸರುಗಳು ಬಳಕೆಯಲ್ಲಿವೆ. ಚಪ್ಪಟೆಯಾಗಿ, ಮೈಮೇಲೆ ಏಣುಗಳಿದ್ದು, ಬೆರಳು ತಗುಲಿದರೆ ಸಿಪ್ಪೆ ಒಡೆಯುವಂಥದು ‘ನಾಟ್ಟು ತಕ್ಕಾಳಿ’. ನುಣುಪಾಗಿ, ಗಟ್ಟಿಯಾಗಿ, ಒಂದೇ ಗಾತ್ರದಲ್ಲಿ ಸಾಲಾಗಿ ಜೋಡಿಸಲು ಒದಗುವಂಥದು ‘ಬೆಂಗಳೂರು ತಕ್ಕಾಳಿ’. ತಕ್ಕಾಳಿ ಎಂದರೆ ತಮಿಳಿನಲ್ಲಿ ಟೊಮ್ಯಾಟೊ. ಬೆಂಗಳೂರಿನ ಹೆಸರನ್ನು ಹೊತ್ತಿದ್ದರೂ ಈ ಹಣ್ಣಿನ ಬಹುಭಾಗ ಬೆಂಗಳೂರಿನದಲ್ಲ. ಕೋಲಾರ ಜಿಲ್ಲೆಯ ಹೊಲಗಳಿಂದ, ಅದರ ನೆರೆಯ ಮದನಪಲ್ಲಿ ಮತ್ತು ಕೃಷ್ಣಗಿರಿ ಪ್ರದೇಶಗಳಿಂದ ಬರುವಂಥದು. ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ತಮ್ಮ ನಾಡಿನ ಹೆಸರುಳ್ಳ ಈ ಹಣ್ಣನ್ನು ಕೊಂಡು ತಿಳಿಸಾರು ಮಾಡುವಾಗ, ಒಂದು ಹಣ್ಣು ಸಾಲಬೇಕಾದಲ್ಲಿ ಮೂರನ್ನು ಹಾಕಿ, ಮೇಲೆ ಹುಣಸೆಯ ಹುಳಿಯನ್ನೂ ಹಿಂಡಬೇಕಾಗುವುದುಂಟು. ಮನೆಯ ಹಿತ್ತಿಲಿನಲ್ಲಿ ಅಥವಾ ಮಾಳಿಗೆಯ ಕುಂಡದಲ್ಲಿ ಬೆಳೆದ ಹಣ್ಣಿನ ವಿಷಯದಲ್ಲಿ ಈ ದೂರು ವಿರಳ. ಈ ಅಂತರ ಕೇವಲ ಮನಸ್ಸಿನ ಭಾವನೆಯೇ, ಅಥವಾ ಹಣ್ಣಿನಲ್ಲಿಯೇ ಇರುವ ವ್ಯತ್ಯಾಸವೇ?

ವ್ಯತ್ಯಾಸ ಹಣ್ಣಿನಲ್ಲಿಯೇ ಇದೆ. ಆದರೆ ಅದಕ್ಕೆ ಜನಸಾಮಾನ್ಯರು ಹೇಳುವ ಕಾರಣಗಳಾದ ರಾಸಾಯನಿಕ ಗೊಬ್ಬರ, ‘ಹೈಬ್ರಿಡ್’ ಎಂಬ ಪದ, ವ್ಯಾಪಾರಿಯ ದುರಾಸೆ ಇವು ಮುಖ್ಯ ಕಾರಣಗಳಲ್ಲ. ತಳಿ, ಕೊಯ್ಲಿನ ಹೊತ್ತು, ಕೊಯ್ಲಿನ ನಂತರದ ಉಷ್ಣತೆ ಈ ಮೂರನ್ನು ಅರಿತರೆ ವಿಷಯ ಬಹುಮಟ್ಟಿಗೆ ತಿಳಿಯಾಗುತ್ತದೆ.

ರುಚಿಯಲ್ಲಿ ಮೂಗಿನ ಪಾಲು

ಟೊಮ್ಯಾಟೊ ಹಣ್ಣಿನ ತೂಕದಲ್ಲಿ ಶೇಕಡಾ 94ರಷ್ಟು ನೀರು. ಉಳಿದ ಅಲ್ಪಭಾಗದಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸಕ್ಕರೆಗಳು, ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳು, ಗ್ಲುಟಮೇಟ್ ಮುಂತಾದವು ಸೇರಿವೆ. ನಾಲಿಗೆ ಗುರುತಿಸುವುದು ಇವುಗಳನ್ನು: ಸಿಹಿ, ಹುಳಿ, ಮತ್ತು ಸಾರಿಗೆ ಮೈ ಕೊಡುವ ಒಂದು ಬಗೆಯ ಸವಿ. ಇಷ್ಟೇ ಆಗಿದ್ದರೆ ನೀರಿಗೆ ಸಕ್ಕರೆಯನ್ನೂ ನಿಂಬೆಹುಳಿಯನ್ನೂ ಬೆರೆಸಿ ಟೊಮ್ಯಾಟೊ ರಸವೆಂದು ಕುಡಿಯಬಹುದಾಗಿತ್ತು. ಟೊಮ್ಯಾಟೊವನ್ನು ಟೊಮ್ಯಾಟೊ ಎಂದು ಗುರುತಿಸುವುದು ಮೂಗು. ಹಣ್ಣಿನಲ್ಲಿ ಸುಲಭವಾಗಿ ಆವಿಯಾಗುವ ನಾನೂರರಷ್ಟು ಪದಾರ್ಥಗಳನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದಾರೆ. ಇವುಗಳಲ್ಲಿ ಇಪ್ಪತ್ತು ಮೂವತ್ತು ಮಾತ್ರ ಪರಿಮಳಕ್ಕೆ ಮುಖ್ಯವಾದವು. ಕೆಲವು ಹಣ್ಣಿನ ಕೆಂಪು ಹಳದಿ ವರ್ಣದ್ರವ್ಯಗಳು ಒಡೆದು ಹುಟ್ಟುತ್ತವೆ. ಆದ್ದರಿಂದ ಹಣ್ಣು ಪೂರ್ಣವಾಗಿ ಬಣ್ಣ ತಳೆಯುವವರೆಗೆ ಅವು ತಲೆದೋರುವುದಿಲ್ಲ. ಇನ್ನು ಕೆಲವು ಹಣ್ಣನ್ನು ಕೊಯ್ದಾಗ ಅಥವಾ ಅಗಿದಾಗ ಆ ಕ್ಷಣದಲ್ಲಿ ಉತ್ಪತ್ತಿಯಾಗುತ್ತವೆ. ಹೆಚ್ಚಿಟ್ಟ ಹಣ್ಣು ಸಪ್ಪೆಯಾಗುವುದು ಇದರಿಂದಲೇ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಹೇಳಿಬಿಡಬಹುದು. ಗಿಡವನ್ನು ಮುಟ್ಟಿದಾಗ ಕೈಗೆ ಅಂಟುವ ಕಟುವಾದ ವಾಸನೆ ಎಲೆ ಮತ್ತು ಕಾಂಡದ ಮೇಲಿರುವ ಸೂಕ್ಷ್ಮ ರೋಮಗಳದು, ಹಣ್ಣಿನದಲ್ಲ. ತೊಟ್ಟುಸಹಿತ ಗೊಂಚಲಾಗಿ ಮಾರುವ ದುಬಾರಿ ಟೊಮ್ಯಾಟೊ ‘ತೋಟದ ವಾಸನೆ’ ಬೀರುವುದು ಆ ತೊಟ್ಟಿನಿಂದ. ಅದನ್ನು ಮೂಸಿ ಹಣ್ಣಿನ ಗುಣವನ್ನು ಅಳೆಯಲಾಗದು.

ತಳಿಯಲ್ಲಿ ಕಳೆದದ್ದು

ರೈತನಿಗೆ ಹಣ ದೊರೆಯುವುದು ತೂಕಕ್ಕೆ, ಪರಿಮಳಕ್ಕಲ್ಲ. ಆದುದರಿಂದ ತಳಿ ಅಭಿವೃದ್ಧಿಕಾರರು ಅನೇಕ ದಶಕಗಳಿಂದ ಇಳುವರಿ, ರೋಗನಿರೋಧ, ಗಟ್ಟಿಸಿಪ್ಪೆ, ಬಾಳಿಕೆ ಇವುಗಳಿಗೆ ಆದ್ಯತೆ ನೀಡಿದರು. ಇದನ್ನು ತಪ್ಪೆನ್ನಲಾಗದು. ಬೆಂಗಳೂರಿನ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ‘ಅರ್ಕಾ ರಕ್ಷಕ್’ ಎಂಬ ಸಂಕರಣ ತಳಿಯು ಎಲೆ ಮುರುಟು ರೋಗ, ದುಂಡಾಣು ಸೊರಗು ರೋಗ ಮತ್ತು ಆರಂಭಿಕ ಅಂಗಮಾರಿ ಈ ಮೂರಕ್ಕೂ ನಿರೋಧ ಹೊಂದಿದೆ. ಎಲೆ ಮುರುಟು ರೋಗಕ್ಕೆ ಹೊಲವೇ ಬಲಿಯಾದುದನ್ನು ಕಂಡ ರೈತನಿಗೆ ಇಂಥ ತಳಿಯ ಬೆಲೆ ತಿಳಿದಿರುತ್ತದೆ.

ಆದರೆ ಯಾವುದನ್ನು ಅಳೆಯಲಿಲ್ಲವೋ ಅದು ಸದ್ದಿಲ್ಲದೆ ಕಳೆದುಹೋಯಿತು. ಅಮೆರಿಕೆಯ ಫ್ಲಾರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಧುನಿಕ, ಹಳೆಯ ಹಾಗೂ ಕಾಡು ಜಾತಿಗೆ ಸೇರಿದ 398 ಬಗೆಯ ಟೊಮ್ಯಾಟೊಗಳ ವಂಶವಾಹಿಗಳನ್ನು ಪರೀಕ್ಷಿಸಲಾಯಿತು. ರುಚಿಗೆ ಮುಖ್ಯವಾದ ಹಲವು ಪದಾರ್ಥಗಳು ಆಧುನಿಕ ವಾಣಿಜ್ಯ ತಳಿಗಳಲ್ಲಿ ಗಣನೀಯವಾಗಿ ಕಡಿಮೆ ಇರುವುದು ಅದರಿಂದ ಖಚಿತವಾಯಿತು. ಗಿಡವೊಂದು ಏಕಕಾಲಕ್ಕೆ ಹೆಚ್ಚು ಕಾಯಿಗಳನ್ನು, ದಪ್ಪ ಕಾಯಿಗಳನ್ನು ಹೊತ್ತಾಗ ಎಲೆಗಳು ತಯಾರಿಸುವ ಸಕ್ಕರೆ ಅಷ್ಟಕ್ಕೂ ಹಂಚಿಹೋಗುತ್ತದೆ ಎಂಬುದೂ ಇದಕ್ಕೆ ಸೇರಿದ ವಿಷಯವೇ. ಸಣ್ಣ ಟೊಮ್ಯಾಟೊ ಸಾಮಾನ್ಯವಾಗಿ ದೊಡ್ಡದಕ್ಕಿಂತ ಸಿಹಿಯಾಗಿರುವುದನ್ನು ಗೃಹಿಣಿಯರು ಬಲ್ಲರು.

ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ಹಳೆಯ ನಾಟಿ ಟೊಮ್ಯಾಟೊ ಕಾಯಿಯ ತೊಟ್ಟಿನ ಸುತ್ತ ಕಡುಹಸಿರು ‘ಹೆಗಲು’ ಇರುತ್ತದೆ. ಹಣ್ಣು ಒಂದೇ ಸಮನಾಗಿ ಕೆಂಪಾಗಲೆಂದು ಈ ಹೆಗಲಿಲ್ಲದ ಗಿಡಗಳನ್ನು ತಳಿ ಅಭಿವೃದ್ಧಿಕಾರರು ಆರಿಸುತ್ತ ಬಂದರು. ಕಾಯಿಯಲ್ಲಿ ಪತ್ರಹರಿತ್ತಿನ ಬೆಳವಣಿಗೆಯನ್ನು ನಿಯಂತ್ರಿಸುವ ವಂಶವಾಹಿಯೊಂದು ಈ ಆಯ್ಕೆಯಲ್ಲಿ ನಿಷ್ಕ್ರಿಯವಾಗಿದೆಯೆಂದೂ, ಇದರಿಂದ ಕಾಯಿ ತಾನೇ ತಯಾರಿಸಿಕೊಳ್ಳುತ್ತಿದ್ದ ಸಕ್ಕರೆಯ ಪಾಲು ಕುಂದಿತೆಂದೂ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದಕ್ಕಾಗಿ ಸವಿಯನ್ನು ತೆತ್ತಂತಾಯಿತು.

ಕೋಲಾರದಿಂದ ಕೊಯಂಬೇಡಿಗೆ

ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆ ದೇಶದ ಅತಿ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲೊಂದು. ಅಲ್ಲಿ ಹದಿನೈದು ಕಿಲೋ ತೂಕದ ಬಾಕ್ಸುಗಳಲ್ಲಿ ಹರಾಜಾದ ಹಣ್ಣು ಲಾರಿಗಳಲ್ಲಿ ಘಟ್ಟವಿಳಿದು, 250 ಕಿಲೊಮೀಟರಿಗೂ ಹೆಚ್ಚು ದೂರ ಸಾಗಿ, 1996ರಲ್ಲಿ ಆರಂಭವಾದ ಚೆನ್ನೈಯ ಕೊಯಂಬೇಡು ಸಗಟು ಮಾರುಕಟ್ಟೆ ಸೇರುತ್ತದೆ. ಅಲ್ಲಿಂದ ಚಿಲ್ಲರೆ ವ್ಯಾಪಾರಿಗಳ ಮೂಲಕ ನಗರದ ಮೂಲೆಮೂಲೆಗೆ, ಎಣ್ಣೂರಿಗೂ, ತಲುಪುತ್ತದೆ. ಗಿಡದಲ್ಲಿಯೇ ಕಳಿತ ಹಣ್ಣನ್ನು ಹೀಗೆ ಕಳಿಸಿದರೆ ಬಾಕ್ಸಿನ ತಳದಲ್ಲಿ ಉಳಿಯುವುದು ರಸ ಮಾತ್ರ. ಆದ್ದರಿಂದ ದೂರದ ಊರಿಗೆ ಹೋಗುವ ಹಣ್ಣನ್ನು ದೋರೆಗಾಯಿಯಾಗಿರುವಾಗ, ಕೆಲವೊಮ್ಮೆ ಬಲಿತ ಹಸಿರುಕಾಯಿಯಾಗಿರುವಾಗಲೇ ಕೀಳಲಾಗುತ್ತದೆ.

ಟೊಮ್ಯಾಟೊ ಕಿತ್ತ ಮೇಲೂ ಹಣ್ಣಾಗುವ ಜಾತಿಯದು. ಕಾಯಿ ತಾನೇ ಹೊರಸೂಸುವ ಎಥಿಲೀನ್ ಅನಿಲವು ಮಾಗುವ ಕ್ರಿಯೆಯನ್ನು ನಡೆಸುತ್ತದೆ. ತುದಿಯಲ್ಲಿ ಬಣ್ಣ ತಿರುಗಿದ ದೋರೆಗಾಯಿಯನ್ನು ಕಿತ್ತು ಬೆಚ್ಚಗಿನ ಸ್ಥಳದಲ್ಲಿ ಇಟ್ಟರೆ ಅದರ ರುಚಿ ಗಿಡದಲ್ಲಿ ಹಣ್ಣಾದುದಕ್ಕೆ ಬಹಳ ಹತ್ತಿರ ಬರುತ್ತದೆ. ಬಲಿಯದ ಎಳೆಗಾಯಿಯ ಪಾಡು ಬೇರೆ. ಬಣ್ಣ ಬಂದರೂ ರುಚಿ ಬಾರದು. ಸಕ್ಕರೆ ಗಿಡದಿಂದ ಹರಿದುಬರಬೇಕಾದ ಪದಾರ್ಥ. ತೊಟ್ಟು ಕಡಿದ ಮೇಲೆ ಆ ದಾರಿ ಮುಚ್ಚಿತು. ಬೆಲೆ ಏರಿದಾಗ ಅವಸರದ ಕೊಯ್ಲಿಗೆ ಒತ್ತಡ ಬರುವುದು ಸಹಜ. 2023ರ ಜುಲೈ ತಿಂಗಳಲ್ಲಿ ಕೋಲಾರದಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ಅದೇ ರೈತರು ಹಣ್ಣನ್ನು ರಸ್ತೆಗೆ ಸುರಿದುದೂ ಉಂಟು. ಇಂಥ ಅನಿಶ್ಚಿತತೆಯಲ್ಲಿ ಬದುಕುವ ರೈತ ಬಾಳಿಕೆಯುಳ್ಳ ತಳಿಯನ್ನೇ ಬಯಸಿದರೆ ಪಟ್ಟಣದವರು ಆತನನ್ನು ದೂರುವುದು ನ್ಯಾಯವಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಮಾತ್ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಮಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಅನುಮತಿಯಿದೆ.

ಮೂರನೆಯ ಪೆಟ್ಟು ಬೀಳುವುದು ಹೆಚ್ಚಾಗಿ ಗ್ರಾಹಕರ ಮನೆಯಲ್ಲಿಯೇ. ಉಷ್ಣತೆ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪರಿಮಳದ ಪದಾರ್ಥಗಳನ್ನು ತಯಾರಿಸುವ ವಂಶವಾಹಿಗಳ ಕೆಲಸ ಕುಂಠಿತವಾಗುತ್ತದೆಯೆಂದು 2016ರ ಅಧ್ಯಯನವೊಂದು ವಿವರಿಸಿತು. ಸಕ್ಕರೆ ಮತ್ತು ಹುಳಿ ಅಷ್ಟಾಗಿ ಬದಲಾಗುವುದಿಲ್ಲ; ವಾಸನೆ ಹೋಗುತ್ತದೆ. ವಾರಗಟ್ಟಲೆ ಫ್ರಿಜ್‌ನಲ್ಲಿಟ್ಟ ಹಣ್ಣನ್ನು ಹೊರಗಿಟ್ಟರೂ ಹೋದ ಪರಿಮಳ ಪೂರ್ತಿಯಾಗಿ ಮರಳದು. ಅಂಗಡಿಯಿಂದ ದೋರೆ ಬಣ್ಣದ ಗಟ್ಟಿ ಹಣ್ಣುಗಳನ್ನು ಆರಿಸಿ ತಂದು, ಬಿಸಿಲು ಬೀಳದ ಗಾಳಿಯಾಡುವ ಕಡೆ ಬಿದಿರಿನ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಹಣ್ಣಾದಂತೆ ಬಳಸುವುದು ಲೇಸು. ‘ಬೆಂಗಳೂರು ತಕ್ಕಾಳಿ’ಯೂ ಹೀಗೆ ಮಾಡಿದಾಗ ಅರ್ಧ ಮಾನವನ್ನಾದರೂ ಉಳಿಸಿಕೊಳ್ಳುತ್ತದೆ.

ಎಣ್ಣೂರಿನಲ್ಲಿ ಬೆಳೆಯುವವರಿಗೆ

ಮನೆಯಲ್ಲಿ ಬೆಳೆದುದೆಲ್ಲ ಒಳ್ಳೆಯದೆಂಬ ನಂಬಿಕೆಯನ್ನು ಎಣ್ಣೂರಿನಂಥ ಸ್ಥಳದಲ್ಲಿ ಪರೀಕ್ಷಿಸಿ ನೋಡಬೇಕಾಗುತ್ತದೆ. 1970ರಲ್ಲಿ ಕಾರ್ಯಾರಂಭ ಮಾಡಿದ ಎಣ್ಣೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವು 2017ರಲ್ಲಿ ಸ್ಥಗಿತಗೊಂಡಿತಾದರೂ, ಕಲ್ಲಿದ್ದಲು ಸುಡುವ ಇತರ ಕೇಂದ್ರಗಳು ಆಸುಪಾಸಿನಲ್ಲಿವೆ. ಹಾರುಬೂದಿಯು ಅಳಿವೆಯ ಹಲವು ಭಾಗಗಳಲ್ಲಿ ಶೇಖರವಾಗಿದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದೊಡನೆ ತೈಲವೂ ಹರಿದು ಎಣ್ಣೂರಿನ ಮನೆಗಳನ್ನು ಹೊಕ್ಕಿತು. ಹಾರುಬೂದಿಯಲ್ಲಿ ಸೀಸ, ಆರ್ಸೆನಿಕ್, ಕ್ರೋಮಿಯಂ ಮೊದಲಾದ ಧಾತುಗಳು ಅಲ್ಪ ಪ್ರಮಾಣದಲ್ಲಿರುತ್ತವೆ. ಇವುಗಳಿಗೆ ರುಚಿಯಿಲ್ಲ, ವಾಸನೆಯಿಲ್ಲ. ಬಾಯಿಗೆ ಹಿತವಾದ ಹಣ್ಣು ದೇಹಕ್ಕೂ ಹಿತವೆಂದು ನಾಲಿಗೆ ಪ್ರಮಾಣಪತ್ರ ಕೊಡಲಾರದು.

ಸಮಾಧಾನದ ಸಂಗತಿಯೆಂದರೆ, ಸೊಪ್ಪು ಮತ್ತು ಗೆಡ್ಡೆಗಳಿಗೆ ಹೋಲಿಸಿದರೆ ಟೊಮ್ಯಾಟೊದಂಥ ಹಣ್ಣು ತರಕಾರಿಗಳಲ್ಲಿ ಈ ಧಾತುಗಳು ಸೇರುವ ಪ್ರಮಾಣ ಕಡಿಮೆ. ಅಪಾಯ ಹೆಚ್ಚಾಗಿ ಮೇಲೆ ಕೂರುವ ಧೂಳಿನಿಂದ ಮತ್ತು ಕೈಗಂಟಿದ ಮಣ್ಣಿನಿಂದ. ಆದ್ದರಿಂದ ನೆಲದಲ್ಲಿ ನೆಡುವ ಬದಲು, ದೂರದ ಶುದ್ಧ ಸ್ಥಳದಿಂದ ತಂದ ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ಕುಂಡಗಳಲ್ಲಿ ಬೆಳೆಯುವುದು ಸೂಕ್ತ. ಹಳೆಯ ಬಣ್ಣದ ಡಬ್ಬಿಗಳನ್ನು ಕುಂಡವಾಗಿ ಬಳಸಕೂಡದು; ಅವುಗಳಲ್ಲಿ ಸೀಸವಿರಬಹುದು. ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು.

ನೀರಿನ ವಿಷಯ ಇನ್ನೂ ಕುತೂಹಲಕರ. ಎಣ್ಣೂರು ಮತ್ತು ಮೀಂಜೂರು ಭಾಗದಲ್ಲಿ ಅಂತರ್ಜಲಕ್ಕೆ ಸಮುದ್ರದ ಉಪ್ಪು ನುಗ್ಗಿರುವುದು ಬಹುಕಾಲದಿಂದ ತಿಳಿದ ಸಂಗತಿ. ನೀರು ಸ್ವಲ್ಪ ಉಪ್ಪಾಗಿದ್ದರೆ ಟೊಮ್ಯಾಟೊ ಗಿಡವು ಕಾಯಿಗೆ ಕಡಿಮೆ ನೀರನ್ನು ಹರಿಸುತ್ತದೆ. ಕಾಯಿ ಚಿಕ್ಕದಾಗುತ್ತದೆ, ಆದರೆ ಅದರಲ್ಲಿ ಸಕ್ಕರೆಯೂ ಹುಳಿಯೂ ಸಾಂದ್ರವಾಗುತ್ತವೆ. ಇಸ್ರೇಲಿನ ನೆಗೆವ್ ಮರುಭೂಮಿಯ ಬೆಳೆಗಾರರು ಚವುಳು ನೀರಿನಿಂದ ಸಿಹಿ ಟೊಮ್ಯಾಟೊ ತೆಗೆದು ಹೆಸರಾಗಿದ್ದಾರೆ. ಆದರೆ ಈ ಅನುಕೂಲಕ್ಕೆ ಮಿತಿಯಿದೆ. ಮಣ್ಣಿನ ಲವಣಾಂಶವನ್ನು ಅಳೆಯುವ ವಿದ್ಯುತ್ ವಾಹಕತೆಯು ಮೀಟರಿಗೆ 2.5 ಡೆಸಿಸೀಮನ್ಸ್ ದಾಟಿದ ಮೇಲೆ ಅದು ಒಂದೊಂದು ಅಂಕ ಏರಿದಂತೆ ಇಳುವರಿ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ; ಕ್ಯಾಲ್ಸಿಯಂ ಸಾಲದೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಕುಂಡದ ಅಂಚಿನಲ್ಲಿ ಬಿಳಿಯ ಹರಳು ಕಂಡರೆ ಸಿಹಿನೀರನ್ನು ತಳದಿಂದ ಹರಿದುಹೋಗುವಷ್ಟು ಸುರಿದು ಉಪ್ಪನ್ನು ತೊಳೆಯಬೇಕು. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಮಾಳಿಗೆಯಿಂದ ತೊಟ್ಟಿಗೆ ಹಿಡಿದಿಟ್ಟ ಮಳೆನೀರಿದ್ದರೆ ಇದಕ್ಕೆ ಅದಕ್ಕಿಂತ ಉತ್ತಮವಾದುದಿಲ್ಲ.

ಕಾಲವನ್ನೂ ಆರಿಸಿಕೊಳ್ಳಬೇಕು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ತಂಪು ರಾತ್ರಿಗಳು ಎಣ್ಣೂರಿನಲ್ಲಿಲ್ಲ. ರಾತ್ರಿಯ ಸೆಕೆ ಹೆಚ್ಚಿದರೆ ಹೂವು ಉದುರುತ್ತದೆ, ಹಗಲು 30 ಡಿಗ್ರಿ ಮೀರಿದರೆ ಕೆಂಪು ವರ್ಣದ್ರವ್ಯ ಸರಿಯಾಗಿ ಹುಟ್ಟದೆ ಹಣ್ಣು ಹಳದಿಗೆಂಪಾಗಿಯೇ ಉಳಿಯುತ್ತದೆ. ಮೇ ತಿಂಗಳ ಟೊಮ್ಯಾಟೊ ಎಣ್ಣೂರಿನಲ್ಲಿ ಎಷ್ಟು ಆರೈಕೆ ಮಾಡಿದರೂ ಸೊಗಸದು. ಅಕ್ಟೋಬರಿನಲ್ಲಿ ಮಳೆಯ ಹೊಡೆತಕ್ಕೆ ಸಿಗದಂತೆ ಒಟ್ಲುಪಾತಿ ಮಾಡಿ, ನವೆಂಬರ್ ಕೊನೆಗೆ ಸಸಿಗಳನ್ನು ಕುಂಡಕ್ಕೆ ಸಾಗಿಸಿದರೆ, ಜನವರಿಯ ಹಿತವಾದ ಹವೆಯಲ್ಲಿ ಕಾಯಿ ಕಚ್ಚಿ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಹಣ್ಣು ದೊರೆಯುತ್ತದೆ. ಕಾಯಿ ಬಣ್ಣ ತಿರುಗತೊಡಗಿದ ಮೇಲೆ ನೀರನ್ನು ಸ್ವಲ್ಪ ಹಿಡಿದು ಹಾಕುವುದು ರುಚಿಗೆ ಒಳ್ಳೆಯದು.

ಪೇಟೆಯ ಸಂಕರಣ ಹಣ್ಣಿನ ಬೀಜ ಬಿತ್ತಿದರೆ ತಾಯಿಯಂಥ ಗಿಡಗಳು ಬರುವುದಿಲ್ಲ. ನಾಟಿ ತಳಿ ಅಥವಾ ಹೆಸರಘಟ್ಟದ ‘ಅರ್ಕಾ ವಿಕಾಸ್’ನಂಥ ಶುದ್ಧ ತಳಿಯಾದರೆ, ಟೊಮ್ಯಾಟೊ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ, ಮನೆಯಲ್ಲಿಯೇ ಬೀಜ ಉಳಿಸಿಕೊಳ್ಳಬಹುದು. ಅತ್ಯಂತ ರುಚಿಯೆನಿಸಿದ ಗಿಡದ, ಚೆನ್ನಾಗಿ ಕಳಿತ ಹಣ್ಣಿನ ತಿರುಳನ್ನು ಎರಡು ಮೂರು ದಿನ ಬಟ್ಟಲಿನಲ್ಲಿ ಹುಳಿಯಲು ಬಿಟ್ಟು, ಲೋಳೆ ಹೋಗುವಂತೆ ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಕಡಲ ತೀರದ ತೇವಗಾಳಿ ತಾಗದಂತೆ ಬಿಗಿ ಮುಚ್ಚಳದ ಸೀಸೆಯಲ್ಲಿಟ್ಟು, ತಳಿಯ ಹೆಸರನ್ನೂ ಇಸವಿಯನ್ನೂ ಬರೆದಿಟ್ಟರೆ ಮೂರು ವರ್ಷಗಳವರೆಗೆ ಮೊಳಕೆಯೊಡೆಯುತ್ತವೆ.