ಯಥಾಪ್ರತಿ: ಕೆಡುತ್ತಿರುವ ಹಾರ್ಡ್ ಡಿಸ್ಕ್ ಮತ್ತು ಗ್ರಂಥಸಂಪಾದನೆಯ ಶಿಸ್ತು



ಗ್ರಂಥಸಂಪಾದನೆಯ ಪಾಠ ನಡೆಯುವಾಗ ನಿಮ್ಮಲ್ಲಿ ಹಲವರು, ಓಲೆಗರಿಯ ಕಾಲ ಮುಗಿದ ಮೇಲೆ ಈ ವಿದ್ಯೆ ನಮಗೇತಕ್ಕೆ ಎಂದು ಕೇಳುವುದುಂಟು. ಅದಕ್ಕೆ ಉತ್ತರವನ್ನು ನಾನು ನನ್ನ ಮನೆಯ ಕಂಪ್ಯೂಟರಿನಿಂದಲೇ ಕಲಿಯಬೇಕಾಯಿತು. ಕಲಿತ ಬೆಲೆಯೂ ಕಡಿಮೆಯದಲ್ಲ.

ನ್ಯಾಲಕಲ್ ಮತ್ತು ನಾರಾಯಣಖೇಡದ ಸುತ್ತಣ ಹಳ್ಳಿಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ನಾನು ಹಲವು ವರ್ಷ ಧ್ವನಿಮುದ್ರಿಸಿಕೊಂಡಿದ್ದೆ. ಒಟ್ಟು ಸುಮಾರು ಹನ್ನೊಂದು ಗಂಟೆಗಳ ಸಂಗ್ರಹ. ಹಾಡಿದವರಲ್ಲಿ ಬಹುಮಂದಿ ಈಗ ಇಲ್ಲ. ಆ ಸಂಗ್ರಹವೆಲ್ಲ ಇದ್ದುದು ಜಹೀರಾಬಾದಿನ ನನ್ನ ಮನೆಯ ಒಂದೇ ಕಂಪ್ಯೂಟರಿನಲ್ಲಿ. ಒಂದು ಬೇಸಗೆಯಲ್ಲಿ ಆ ಯಂತ್ರ ನಿಧಾನವಾಯಿತು; ಕಡತ ತೆರೆಯಲು ನಿಮಿಷಗಟ್ಟಲೆ ಹಿಡಿಯತೊಡಗಿತು. ನಾನು ಸೆಕೆಯನ್ನು ದೂರಿದೆ, ಕರೆಂಟನ್ನು ದೂರಿದೆ, ನಾಲ್ಕಾರು ಬಾರಿ ಆರಿಸಿ ಹೊತ್ತಿಸಿದೆ. ಕಡೆಗೆ ಪರದೆಯ ಮೇಲೆ ಡಿಸ್ಕನ್ನು ದುರಸ್ತಿ ಮಾಡಬೇಕೆಂಬ ಸೂಚನೆ ಬಂದಾಗ ಹಿಂದುಮುಂದು ನೋಡದೆ ಒಪ್ಪಿಗೆ ಕೊಟ್ಟೆ. ಅದೇ ನನ್ನ ದೊಡ್ಡ ತಪ್ಪು. ಅದು ಏಕೆ ತಪ್ಪು ಎಂಬುದೇ ಈ ಪಾಠ.

1. ಕಳೆದುಕೊಳ್ಳುವುದು ಯಾವುದನ್ನು?

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾರಾಯಣಖೇಡ ತಾಲೂಕು ಮತ್ತು ಜಹೀರಾಬಾದ್ ತಾಲೂಕಿನ ಬಹುಭಾಗ ಬೀದರ ಜಿಲ್ಲೆಯಿಂದಲೂ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು; 2014ರಿಂದ ಅವು ತೆಲಂಗಾಣದಲ್ಲಿವೆ. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಆದರೆ ಕಚೇರಿಯ ಕಾಗದಪತ್ರಗಳು ಬೇರೆ ಭಾಷೆಯವಾದವು. ಹೀಗಾಗಿ ಈ ಸೀಮೆಯ ಕನ್ನಡ ಬಹುಮಟ್ಟಿಗೆ ಬಾಯಲ್ಲಿ ಉಳಿದ ಕನ್ನಡ. ಅದನ್ನು ಹಿಡಿದಿಟ್ಟ ಧ್ವನಿ ಅಳಿದರೆ ಮುದ್ರಿತ ಪುಸ್ತಕದಲ್ಲಿ ಹುಡುಕಿ ತುಂಬಿಕೊಳ್ಳಲು ಬರುವುದಿಲ್ಲ.

ಕಾಕತಾಳೀಯವೆಂಬಂತೆ, ಐಬಿಎಂ ಸಂಸ್ಥೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದದ್ದೂ ಆ 1956ರಲ್ಲೇ. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ದೈತ್ಯಯಂತ್ರ ಹಿಡಿದದ್ದು ಕೇವಲ 50 ಲಕ್ಷ ಅಕ್ಷರಗಳನ್ನು. ಇಂದಿನ ಡಿಸ್ಕ್ ಅಂಗೈಯಗಲದ್ದು. ತತ್ತ್ವ ಮಾತ್ರ ಅದೇ. ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ತೇಲುತ್ತದೆ. ಆ ಮುಳ್ಳು ತಟ್ಟೆಗೆ ತಗುಲಿದರೆ ಅಲ್ಲಿ ಬರೆದದ್ದು ಕೆರೆದುಹೋಗುತ್ತದೆ. ಕಂಠದ ಮೊನೆ ಓಲೆಯನ್ನು ಹರಿದಂತೆ.

2. ಲಕ್ಷಣಗಳು ಮತ್ತು ನಿದಾನ

ಕೆಡುತ್ತಿರುವ ಡಿಸ್ಕ್ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಕಡತದ ಪ್ರತಿ ಅರ್ಧದಲ್ಲಿ ನಿಲ್ಲುವುದು, ಯಂತ್ರ ಆಗಾಗ ಸ್ತಬ್ಧವಾಗುವುದು, ಕಡತಗಳ ಹೆಸರು ವಿಕಾರಗೊಳ್ಳುವುದು, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ ಎಂದು ಕಂಪ್ಯೂಟರ್ ಕೇಳುವುದು, ಒಳಗಿನಿಂದ ಟಕ್‌ಟಕ್ ಸದ್ದು ಬರುವುದು. ಇವುಗಳಲ್ಲಿ ಕೊನೆಯದು ಅತ್ಯಂತ ಗಂಭೀರ. ಸದ್ದು ಕೇಳಿದ ಕ್ಷಣವೇ ಯಂತ್ರವನ್ನು ಆರಿಸಬೇಕು. ಮುಳ್ಳು ದಾರಿ ತಪ್ಪಿದೆ ಎಂದರ್ಥ. ಪ್ರತಿ ಬಾರಿ ಹೊತ್ತಿಸಿದಾಗಲೂ ಗಾಯ ಹೆಚ್ಚಬಹುದು. ಅದರಲ್ಲಿರುವುದು ಬೇರೆಲ್ಲಿಯೂ ಇಲ್ಲದ ಸಾಮಗ್ರಿಯಾಗಿದ್ದರೆ, ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯವೇ ಗತಿ.

ಸದ್ದಿಲ್ಲದಿದ್ದರೆ ಮೊದಲು ಬಾಹ್ಯ ಕಾರಣಗಳನ್ನು ಪರಿಶೀಲಿಸಿ. ವಿದ್ಯುತ್ ಸಂಪರ್ಕ ಕಿತ್ತು, ಡಿಸ್ಕಿಗೆ ಬರುವ ಎರಡು ಕೇಬಲ್‌ಗಳನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂಡಿಸಿ. ಸಾಧ್ಯವಾದರೆ ಬೇರೆ ಕೇಬಲ್ ಹಾಕಿ. ಕರೆಂಟು ಏರಿಳಿಯುವ ಊರಿನಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರ್, ಬರೆಯುವ ನಡುವೆಯೇ ನಿಂತು ಕಡತವನ್ನು ಕೆಡಿಸಬಹುದು. ಡಿಸ್ಕಿನ ತಟ್ಟೆಗಳಿಗೆ ಹೊರಗಿನ ದೂಳು ತಾಗದು, ನಿಜ. ಆದರೆ ತಾಂಡೂರಿನ ಕಲ್ಲಿನ ದೂಳು ಫ್ಯಾನಿನಲ್ಲಿ ಕಟ್ಟಿಕೊಂಡರೆ ಪೆಟ್ಟಿಗೆಯೊಳಗಿನ ಬಿಸಿ ಏರುತ್ತದೆ, ಬಿಸಿ ಡಿಸ್ಕಿಗೆ ಒಳ್ಳೆಯದಲ್ಲ.

ಅನಂತರ ಡಿಸ್ಕ್ ತಾನೇ ಇಟ್ಟುಕೊಂಡಿರುವ ಆರೋಗ್ಯದ ದಾಖಲೆಯನ್ನು ಓದಬೇಕು. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ಉಚಿತ ತಂತ್ರಾಂಶಗಳು ಇದನ್ನು ತೋರಿಸುತ್ತವೆ. ಗಮನಿಸಬೇಕಾದ ಸಾಲುಗಳು ನಾಲ್ಕು. 5ನೆಯದು, ಕೆಟ್ಟ ಜಾಗ ಬಿಟ್ಟು ಬೇರೆಡೆ ಬರೆದ ಭಾಗಗಳ ಎಣಿಕೆ. 197ನೆಯದು, ಓದಲಾಗದೆ ಕಾದಿರುವ ಭಾಗಗಳು. 198ನೆಯದು, ಸರಿಪಡಿಸಲಾಗದವು. ಈ ಮೂರೂ ಸೊನ್ನೆಯಿರಬೇಕು. ಏರುತ್ತಿದ್ದರೆ ಡಿಸ್ಕನ್ನು ನಂಬುವಂತಿಲ್ಲ. 199ನೆಯದು ಏರುತ್ತಿದ್ದರೆ ದೋಷ ಬಹುಶಃ ಕೇಬಲಿನದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಈ ಸಾಲುಗಳು ಕ್ರಮವಾಗಿ 05, ಸಿ5, ಸಿ6, ಸಿ7 ಎಂದು ಕಾಣುತ್ತವೆ.

ಹಾಗೆಂದು ಎಲ್ಲ ಸೊನ್ನೆಯಿದ್ದರೆ ನಿಶ್ಚಿಂತೆ ಎನ್ನಲಾಗದು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ದಾಖಲೆ ಕೆಟ್ಟದ್ದೆಂದು ಹೇಳಿದರೆ ನಂಬಿ. ಒಳ್ಳೆಯದೆಂದು ಹೇಳಿದರೆ ಪೂರ್ತಿ ನಂಬಬೇಡಿ.

3. ಪ್ರತಿ ಮೊದಲು, ತಿದ್ದುಪಡಿ ಆಮೇಲೆ

ಹುಡಿಯಾಗುತ್ತಿರುವ ಓಲೆಯೊಂದು ಕೈಗೆ ಸಿಕ್ಕರೆ ಸಂಪಾದಕ ಮೊದಲು ಏನು ಮಾಡುತ್ತಾನೆ? ಪಾಠವನ್ನು ತಿದ್ದಲು ಕೂರುವುದಿಲ್ಲ. ಇದ್ದದ್ದನ್ನು ಇದ್ದಂತೆಯೇ ಪ್ರತಿಮಾಡಿಕೊಳ್ಳುತ್ತಾನೆ. ಅಕ್ಷರ ಹೋದಲ್ಲಿ ಚುಕ್ಕಿಯಿಟ್ಟು ಗ್ರಂಥಪಾತವೆಂದು ಸೂಚಿಸುತ್ತಾನೆ. ಊಹೆ, ಪರಿಷ್ಕರಣ ಎಲ್ಲ ಆ ಪ್ರತಿಯ ಮೇಲೆ, ಮೂಲದ ಮೇಲಲ್ಲ.

ಡಿಸ್ಕಿನ ವಿಷಯದಲ್ಲಿಯೂ ಕ್ರಮ ಇದೇ. ಮೊದಲನೆಯದಾಗಿ, ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬೇಡಿ. ಮರಳಿ ಪಡೆಯುವ ತಂತ್ರಾಂಶವನ್ನೂ ಅದರಲ್ಲೇ ಸ್ಥಾಪಿಸಬೇಡಿ. ಎರಡನೆಯದಾಗಿ, ಡಿಸ್ಕ್ ಇನ್ನೂ ತೆರೆಯುತ್ತಿದ್ದರೆ ಬೇರೆಲ್ಲಿಯೂ ಇಲ್ಲದ ಕಡತಗಳನ್ನು ಮೊದಲು ಹೊರತೆಗೆಯಿರಿ. ಸಿನಿಮಾ ಹಾಡು, ತಂತ್ರಾಂಶ ಆಮೇಲೆ ಮತ್ತೆ ಸಿಗುತ್ತವೆ. ಮೂರನೆಯದಾಗಿ, ಸಮಾನ ಅಥವಾ ಹೆಚ್ಚಿನ ಗಾತ್ರದ ಬೇರೊಂದು ಡಿಸ್ಕಿಗೆ ಇಡಿಯ ಬಿಂಬವನ್ನು ಇಳಿಸಿ. ಲಿನಕ್ಸ್‌ನ ಡಿಡಿರೆಸ್ಕ್ಯೂ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಅದು ಸುಲಭವಾಗಿ ಓದಬರುವ ಭಾಗಗಳನ್ನು ಮೊದಲು ಎತ್ತುತ್ತದೆ, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ, ಎಲ್ಲಿ ಓದಲಾಗಲಿಲ್ಲ ಎಂಬುದನ್ನು ಪ್ರತ್ಯೇಕ ಕಡತದಲ್ಲಿ ಗುರುತಿಟ್ಟುಕೊಳ್ಳುತ್ತದೆ. ಪ್ರಾಮಾಣಿಕ ಲಿಪಿಕಾರನ ಕೆಲಸ. ದುರಸ್ತಿಯ ಪ್ರಯತ್ನಗಳೆಲ್ಲ ಆ ಬಿಂಬದ ಮೇಲೆ ನಡೆಯಲಿ.

ನಾನು ಒಪ್ಪಿಗೆ ಕೊಟ್ಟ ಚೆಕ್‌ಡಿಸ್ಕ್ ಎಂಬುದು ಪ್ರತಿಮಾಡುವ ಸಾಧನವಲ್ಲ, ತಿದ್ದುವ ಸಾಧನ. ಕಡತಗಳ ವ್ಯವಸ್ಥೆ ಸುಸಂಗತವಾಗಿರಬೇಕೆಂಬುದಷ್ಟೇ ಅದರ ಗುರಿ. ಹೊಂದದ ತುಣುಕುಗಳನ್ನು ಅದು ಹೆಸರು ಕಳಚಿ, ಬರಿಯ ಸಂಖ್ಯೆಯಿಟ್ಟು ಒಂದು ಕಡೆ ಗುಡ್ಡೆ ಹಾಕುತ್ತದೆ. ಅತ್ಯುತ್ಸಾಹಿ ಸಂಪಾದಕ ಓಲೆಯ ಮೇಲೆಯೇ ತಿದ್ದಿದಂತಾಯಿತು ನನ್ನ ಕಥೆ.

ತಾಂಡೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿ, ಎರಡು ರಾತ್ರಿ ಒಂದು ಹಗಲು ಬಿಂಬ ಇಳಿಸಿದ. "ಸರ್, ದುರಸ್ತಿಗೆ ಮೊದಲೇ ನನಗೊಂದು ಫೋನ್ ಮಾಡಬಾರದಿತ್ತೆ?" ಎಂದನೇ ಹೊರತು ಬೇರೇನೂ ಅನ್ನಲಿಲ್ಲ.

ಇನ್ನೆರಡು ಎಚ್ಚರಿಕೆ. ಡಿಸ್ಕನ್ನು ಫ್ರಿಜ್ಜಿನಲ್ಲಿಡುವುದು, ತಟ್ಟುವುದು, ಮುಚ್ಚಳ ತೆಗೆಯುವುದು ಇವೆಲ್ಲ ಕೇಡಿನ ದಾರಿಗಳು. ಹೊಸ ಕಂಪ್ಯೂಟರುಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಆದ್ದರಿಂದ ಸದ್ದಿನ ಸೂಚನೆಯೂ ಇಲ್ಲ. ಅದು ಒಮ್ಮೆಲೇ ನಿಲ್ಲಬಹುದು.

4. ಅಕ್ಷರ ಕೆಟ್ಟಿತೋ, ಫಾಂಟ್ ಇಲ್ಲವೋ?

ಉಳಿಸಿದ ಕನ್ನಡ ಕಡತ ತೆರೆದಾಗ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಡಿಸ್ಕನ್ನು ದೂರಬೇಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪಠ್ಯ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೆಯೇ ಕಾಣುತ್ತದೆ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಪರಿವರ್ತಕದ ನೆರವಿನಿಂದ ಯುನಿಕೋಡಿಗೆ ತಂದರೆ ಮುಂದೆ ಆ ಭಯವಿಲ್ಲ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿ. ಇದೂ ಪಾಠಶೋಧನೆಯೇ.

5. ಪುಷ್ಪಿಕೆಯ ಮಹತ್ವ

ಗುಡ್ಡೆಬಿದ್ದ ತುಣುಕುಗಳಿಗೆ ಹೆಸರಿರಲಿಲ್ಲ, ದಿನಾಂಕವಿರಲಿಲ್ಲ. ಯಾವ ಊರಿನ ಯಾವ ದನಿ ಎಂದು ಒಂದೊಂದನ್ನೂ ಕೇಳಿ ಗುರುತಿಸಲು ನನಗೆ ಒಂದು ತಿಂಗಳು ಹಿಡಿಯಿತು. ಕೆಲವು ಇಂದಿಗೂ ಅನಾಮಧೇಯ. ಒಬ್ಬ ತಾಯಿ ಮಾತ್ರ ಹಾಡುವ ಮುನ್ನ, ನಾನು ಕೇಳದಿದ್ದರೂ, ತಮ್ಮ ಹೆಸರನ್ನೂ ತವರೂರನ್ನೂ ಕೊಟ್ಟ ಮನೆಯನ್ನೂ ಹೇಳಿಕೊಂಡಿದ್ದರು. ಆ ತುಣುಕು ಕೇಳಿದ ಕೂಡಲೇ ತನ್ನ ಜಾಗಕ್ಕೆ ಸೇರಿತು.

ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ಸಂವತ್ಸರ, ತಿಥಿ ಬರೆಯುತ್ತಿದ್ದುದು ಏಕೆಂದು ನನಗೆ ಅಂದು ತಿಳಿಯಿತು. ಕಡತದ ಹೆಸರು ಹೊರಗಿನ ಚೀಟಿ, ಚೀಟಿ ಕಳಚಬಹುದು. ಆದ್ದರಿಂದ ಧ್ವನಿಮುದ್ರಣದ ಆರಂಭದಲ್ಲಿ ಹಾಡುವವರು, ಊರು, ದಿನಾಂಕವನ್ನು ಬಾಯಿಂದಲೇ ಹೇಳಿ. ಬರೆಹದ ಕಡತದ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ.

6. ಎಷ್ಟು ಪ್ರತಿ?

ನಾನು ಕಲಿತ ಮರಾಠಿ ಶಾಲೆಯಲ್ಲಿ 'ನಕ್ಕಲ', ಕನ್ನಡ ಶಾಲೆಯಲ್ಲಿ 'ನಕಲು' ಎಂದರೆ ಬೆತ್ತದ ಏಟಿನ ಮಾತು. ಅದೇ ಶಬ್ದ ತಹಸೀಲ ಕಚೇರಿಯಲ್ಲಿ ಆಸ್ತಿಯನ್ನು ಕಾಯುವ ಮಾತು. ನಮ್ಮ ಸಾಹಿತ್ಯಚರಿತ್ರೆ ಎರಡನೆಯ ಅರ್ಥದ ಕಡೆಗಿದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನೀವು ಓದಿದ್ದೀರಿ.

ನಮಗೆ ಸಾವಿರ ಬೇಡ, ಮೂರು ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಅಂತರಜಾಲದ ಸಂಗ್ರಹದಲ್ಲಿ. ಖರ್ಚೂ ಅಲ್ಪ. ಯುನಿಕೋಡಿನಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್. ಎರಡು ಲಕ್ಷ ಸಂಕೇತಗಳ ಪ್ರಬಂಧ ಒಂದು ಎಂಬಿಯನ್ನೂ ಮುಟ್ಟದು. ಸಿಡಿ ಗುಣಮಟ್ಟದ ಧ್ವನಿ ಗಂಟೆಗೆ ಸುಮಾರು 635 ಎಂಬಿ. ನನ್ನ ಹನ್ನೊಂದು ಗಂಟೆಗಳಿಗೆ 7 ಜಿಬಿ. ಹದಿನಾರು ಜಿಬಿಯ ಒಂದು ಪೆನ್ ಡ್ರೈವ್ ಸಾಕಾಗಿತ್ತು. ಅದು ನನ್ನ ಮೇಜಿನ ಖಾನೆಯಲ್ಲಿ ಖಾಲಿಯೇ ಬಿದ್ದಿತ್ತು.

ಹನ್ನೊಂದು ಗಂಟೆಗಳಲ್ಲಿ ಸುಮಾರು ನಲವತ್ತು ನಿಮಿಷ ಹೋಯಿತು. ಅದರಲ್ಲೊಂದು ಬೀಸುವ ಪದದ ಸಾಹಿತ್ಯ ನನ್ನ ನೋಟುಬುಕ್ಕಿನಲ್ಲಿದೆ. ಹಾಡಿದವರ ದನಿ ಇಲ್ಲ. ಆ ಪದವನ್ನು ಅಚ್ಚಿಗೆ ಕೊಡುವಾಗ ಧ್ವನಿಯ ಕಾಲಮಿನಲ್ಲಿ ಚುಕ್ಕಿಗಳನ್ನಿಟ್ಟಿದ್ದೇನೆ. ನಿಮ್ಮ ಕ್ಷೇತ್ರಕಾರ್ಯದ ವರದಿಯಲ್ಲಿ ಅಂಥ ಚುಕ್ಕಿಗಳು ಬೀಳದಿರಲಿ.

ಅಭ್ಯಾಸ

1. ಡಿಸ್ಕಿನ ಬಿಂಬ ಇಳಿಸುವುದಕ್ಕೂ ಹಸ್ತಪ್ರತಿಯ ಯಥಾಪ್ರತಿ ಮಾಡುವುದಕ್ಕೂ ಇರುವ ಸಾಮ್ಯ, ವ್ಯತ್ಯಾಸಗಳನ್ನು ವಿವೇಚಿಸಿ.
2. ನಿಮ್ಮ ಪ್ರಬಂಧದ ಕಡತ ಈಗ ಎಷ್ಟು ಕಡೆ ಇದೆ? ಪಟ್ಟಿಮಾಡಿ, ಮೂರಾಗುವವರೆಗೆ ಕೊರತೆ ತುಂಬಿ.
3. ಮನೆಯ ಹಿರಿಯರೊಬ್ಬರಿಂದ ಒಂದು ಪದವನ್ನು ಪುಷ್ಪಿಕೆಸಹಿತ ಧ್ವನಿಮುದ್ರಿಸಿ, ಮುಂದಿನ ವಾರ ವಿಭಾಗಕ್ಕೆ ತನ್ನಿ.