ಹುಟ್ಟುಹಬ್ಬಕ್ಕೊಂದು ಹೆಸರಿನ ಅಂಗಿ

ಹನ್ನಳು ಬಾಲಕನಾದ ಸಮುವೇಲನಿಗೆ ವರ್ಷವರ್ಷವೂ ಚಿಕ್ಕ ಅಂಗಿಯೊಂದನ್ನು ಮಾಡಿ ಒಯ್ದು ಕೊಡುತ್ತಿದ್ದಳೆಂದು ಸತ್ಯವೇದದಲ್ಲಿ ಓದಿರುವೆವಷ್ಟೆ. ಹುಟ್ಟುಹಬ್ಬದ ಅಂಗಿಗೂ ಅದೇ ಮಾದರಿ. ಹತ್ತಿಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸತಕ್ಕದ್ದು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗುವುದು. ಅಂಚಿನಲ್ಲಿ 2 ಅಂಗುಲ ಮಡಿಕೆಯಿಟ್ಟರೆ ಬೆಳೆಯುವ ಮಗುವಿಗೆ ಮುಂದಿನ ವರ್ಷವೂ ಒದಗುವುದು.

ಶಿಕಾರಿಪುರ, ಸೊರಬ ಸೀಮೆಯ ಲಂಬಾಣಿ ಸ್ತ್ರೀಯರ ಉಡುಪಿನ ಕನ್ನಡಿ, ಕವಡೆಗಳು ಬಹು ಅಂದವಾದವು. ಆದರೆ ಕೂಸು ಅವನ್ನು ಕಿತ್ತು ಬಾಯಿಗಿಟ್ಟೀತು. ಆದಕಾರಣ ಮಗುವಿನ ಹೆಸರನ್ನು ಧಾರವಾಡದ ಕಸೂತಿಯ ಗವಂತಿ ಹೊಲಿಗೆಯಲ್ಲಿ ತೆಗೆಯುವುದು ಲೇಸು. ಎಳೆಗಳನ್ನೆಣಿಸುತ್ತ ಸಾಗಿ, ಬಿಟ್ಟ ಎಡೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳುವ ಈ ಹೊಲಿಗೆಯಲ್ಲಿ ಗಂಟಿಲ್ಲ. ಎಳೆಯ ಮೈಗೆ ಒತ್ತದು. ಅಂಗಿಯು ತಮ್ಮನಿಗೆ ಬಂದಾಗ ನೂಲನ್ನು ಬಿಚ್ಚಿ ಅವನ ಹೆಸರನ್ನೇ ಹೊಲಿಯಬಹುದು. ಕಿರಿಯವನು ಅಣ್ಣನ ಹೆಸರನ್ನು ಹೊತ್ತು ತಿರುಗಬೇಕಾಗಿಲ್ಲ.